ಪಾವತಿ ದಿನಾಂಕದ ಕಾಲಂ

ಉಪ್ಪಿನಂಗಡಿಯ ನಮ್ಮ ದಿನಸಿ ಅಂಗಡಿಗೆ ಬರುತ್ತಿದ್ದ ಅರಿಶಿನದ ಗೋಣಿಗಳ ಮೇಲೆ ನೀಲಿ ಶಾಯಿಯಲ್ಲಿ ‘ಸಾಂಗ್ಲಿ’ ಎಂದು ಬರೆದಿರುತ್ತಿತ್ತು. ಅದು ಒಂದು ಊರು ಎಂದು ನನಗೆ ಗೊತ್ತಿರಲಿಲ್ಲ. ಅಕ್ಕಿಯಲ್ಲಿ ಸೋನಾ ಮಸೂರಿ ಇದ್ದ ಹಾಗೆ ಅರಿಶಿನದಲ್ಲಿ ಸಾಂಗ್ಲಿ ಇರಬೇಕು ಎಂದುಕೊಂಡಿದ್ದೆ. ಬಾಪ ಅದನ್ನು ಮಂಗಳೂರು ಬಂದರಿನ ಸಗಟು ಅಂಗಡಿಯಿಂದ ತರಿಸುತ್ತಿದ್ದರು. ಖಾಲಿ ಗೋಣಿ ಕೊಡವಿ, ಮಡಚಿ, ಮುಂದಿನ ಲಾರಿಗೆ ವಾಪಸು ಹಾಕುವುದು ನನ್ನ ಕೆಲಸ. ಗೋಣಿಯ ಜೊತೆ ಒಂದು ಲಕೋಟೆಯಲ್ಲಿ ದುಡ್ಡೂ ಹೋಗುತ್ತಿತ್ತು. ಆ ಲಕೋಟೆಯ ಬಗ್ಗೆ ನಾನು ತಲೆಕೆಡಿಸಿಕೊಂಡದ್ದು ಮೂವತ್ತು ದಾಟಿದ ಮೇಲೆ.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೈಕಂಪಾಡಿಯಲ್ಲಿ ಎರಡು ವರ್ಷ ದುಡಿದು, ಗಲ್ಫ್ ವೀಸಾ ಕೈತಪ್ಪಿದಾಗ ಮಿರಜ್‌ನ ಒಂದು ಪಂಪ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಮ್ಮವರಿಗೆ ದುಬೈ, ದಮ್ಮಾಮ್ ಅಂದರೆ ಅರ್ಥವಾಗುತ್ತದೆ. ಮಿರಜ್ ಅಂದರೆ, ‘ಆಸ್ಪತ್ರೆಗೆ ಹೋದದ್ದಾ?’ ಎಂದು ಕೇಳುತ್ತಾರೆ. ಆಸ್ಪತ್ರೆಗೆ ಹೆಸರಾದ ಊರು ಹೌದು. ಆದರೆ ಪಂಪು, ಎರಕದ ಕೆಲಸಕ್ಕೂ ಈ ಸೀಮೆ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಿರ್ಲೋಸ್ಕರವಾಡಿ ಕಟ್ಟಿದ್ದು 1910ರಲ್ಲಿ, ಇದೇ ಸಾಂಗ್ಲಿ ಜಿಲ್ಲೆಯಲ್ಲಿ. ನನ್ನನ್ನು ಹಾಕಿದ್ದು ಖರೀದಿ ವಿಭಾಗಕ್ಕೆ. ಮೆಷಿನ್ ಮುಟ್ಟಬೇಕೆಂದು ಹೋದವನು ಫೋನ್ ಹಿಡಿದು ಕುಳಿತೆ: ‘ಮಾಲು ಯಾವಾಗ ಬರ್ತದೆ?’

ಒಂದು ಭಾನುವಾರ ಆ ಗೋಣಿಗಳ ಮೂಲ ನೋಡಬೇಕೆಂದು ಸಾಂಗ್ಲಿ ಪಕ್ಕದ ಹರಿಪುರಕ್ಕೆ ಹೋದೆ. ವಾರಣಾ ನದಿ ಕೃಷ್ಣೆಯನ್ನು ಸೇರುವ ಜಾಗ. ನೇತ್ರಾವತಿ–ಕುಮಾರಧಾರಾ ಸಂಗಮದಲ್ಲಿ ಬೆಳೆದ ನನಗೆ ಅರ್ಧ ಊರಿಗೆ ಬಂದ ಹಾಗಾಯಿತು. ಅಲ್ಲಿ ಅರಿಶಿನವನ್ನು ನೆಲದಡಿಯ ಹಗೇವುಗಳಲ್ಲಿ ಇಡುತ್ತಿದ್ದರು. ಮರಾಠಿಯಲ್ಲಿ ಪೇವ್ ಅನ್ನುತ್ತಾರೆ. ಬಾಯಿ ಕಿರಿದು, ಹೊಟ್ಟೆ ಅಗಲ. ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ತೆರೆದ ಕೂಡಲೇ ಯಾರೂ ಇಳಿಯುವ ಹಾಗಿಲ್ಲ, ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಅರಿಶಿನ ನೆಲದೊಳಗೇ ಇರುತ್ತಿತ್ತು, ಮೇಲೆ ಚೀಟಿ ಮಾತ್ರ ಕೈಯಿಂದ ಕೈಗೆ ಮಾರಾಟವಾಗುತ್ತಿತ್ತು. 2005ರ ನೆರೆಯಲ್ಲಿ ಹಗೇವುಗಳಿಗೆ ನೀರು ನುಗ್ಗಿ ಬಹಳಷ್ಟು ಹಾಳಾದವು. ಈಗ ಗೋದಾಮು, ಕೋಲ್ಡ್ ಸ್ಟೋರೇಜ್. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬಾಪನಿಗೆ ಫೋನಿನಲ್ಲಿ ಇದೆಲ್ಲ ಹೇಳಿದರೆ, ‘ರೇಟು ಎಷ್ಟು?’ ಎಂದು ಕೇಳಿದರು.

2019ರ ಆಗಸ್ಟ್‌ನಲ್ಲಿ ಮತ್ತೆ ನೆರೆ. ಸಾಂಗ್ಲಿಯ ಇರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿತು. ಅಲ್ಲಿ ಅಪಾಯದ ಮಟ್ಟವೇ 45. ಕೊಲ್ಲಾಪುರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್. ನೀರು ಇಳಿದ ಮೇಲೂ ನಮ್ಮ ಮಾಲು ಸರಿಯಾಗಿ ಬರಲಿಲ್ಲ. ‘ನೆರೆ ಒಂದು ನೆಪ. ಯಾರು ಯಾವಾಗಲೂ ತಡ ಮಾಡ್ತಾರೆ, ಒಂದು ಸ್ಟಡಿ ಮಾಡು’ ಎಂದರು ಮ್ಯಾನೇಜರ್. ನನಗೆ ಖುಷಿಯೋ ಖುಷಿ. ಡಿಪ್ಲೊಮಾದವನಿಗೆ ರಿಸರ್ಚ್ ಮಾಡು ಎಂದು ಯಾರು ಹೇಳುತ್ತಾರೆ ಮಾರಾಯ್ರೆ! ಮೂರು ವರ್ಷದ ಖರೀದಿ ಆದೇಶಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿದೆ. ಆದೇಶ ಕೊಟ್ಟ ದಿನ, ಒಪ್ಪಿದ ದಿನ, ಮಾಲು ಬಂದ ದಿನ, ತಡವಾದ ದಿನಗಳು. ಅದರ ಮೇಲೆ ಪೂರೈಕೆದಾರರಿಗೆ ಅಂಕ.

ಕಡಿಮೆ ಅಂಕ ಬಂದವರಲ್ಲಿ ಕುಪ್ವಾಡದ ಒಬ್ಬರಿದ್ದರು. ಜತ್ತದ ಕಡೆಯವರು, ಮನೆಮಾತು ಕನ್ನಡ. ಎರಡು ಲೇಥ್, ತಗಡಿನ ಶೆಡ್, ಸಹಾಯಕ್ಕೆ ಅವರ ತಮ್ಮ. ಸ್ಟೀಲ್ ರಾಡ್ ಅವರೇ ಕೊಂಡು, ತಿರುಗಿಸಿ, ನಮಗೆ ಪಂಪಿನ ಶಾಫ್ಟ್ ಮಾಡಿಕೊಡುತ್ತಿದ್ದರು. ಅಳತೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಇರುತ್ತಿರಲಿಲ್ಲ. ಆದರೆ ಯಾವಾಗಲೂ ತಡ. ನನ್ನ ವರದಿಯ ಮೇಲೆ ಅವರ ಆದೇಶ ಅರ್ಧಕ್ಕಿಂತ ಕಡಿಮೆಯಾಯಿತು. ಆ ವರ್ಷ ನನಗೆ ಸಂಬಳವೂ ಸ್ವಲ್ಪ ಏರಿತು.

2020ರ ಮಾರ್ಚ್‌ನಲ್ಲಿ ರಜೆಗೆ ಬಂದವನು ಲಾಕ್‌ಡೌನ್‌ನಿಂದ ಊರಲ್ಲೇ ಸಿಕ್ಕಿಬಿದ್ದೆ. ಅಂಗಡಿ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಬಂದರಿನಲ್ಲಿ ಮಾಲಿಗೆ ಪರದಾಟ, ನಮ್ಮ ಅಂಗಡಿಗೆ ಮಾತ್ರ ಬೇಳೆ, ಸಕ್ಕರೆ ಬರುತ್ತಲೇ ಇತ್ತು. ಬಾಪನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಮಾಲು ಬಂದ ತಾರೀಕಿನ ಎದುರಿಗೇ ದುಡ್ಡು ಹೋದ ತಾರೀಕು. ನಮ್ಮ ಗಿರಾಕಿಗಳ ಉದ್ರಿ ತಿಂಗಳುಗಟ್ಟಲೆ ನಿಂತಿದ್ದರೂ ಬಂದರಿನವರ ಲಕೋಟೆ ನಿಂತಿರಲಿಲ್ಲ. ಒಂದು ಕಡೆ ‘ಉಮ್ಮನ ಬಳೆ’ ಎಂದು ಸಣ್ಣದಾಗಿ ಬರೆದಿತ್ತು. ಉಮ್ಮನನ್ನು ಕೇಳಿದೆ. ‘ಬಿಡಿಸಿಕೊಂಡು ಬಂದಾಯ್ತು, ಈಗ ಯಾಕೆ ಅದು?’ ಎಂದು ಅಡುಗೆಮನೆಗೆ ಹೋದರು.

ನನ್ನ ಎಕ್ಸೆಲ್‌ನಲ್ಲಿ ದುಡ್ಡು ಹೋದ ದಿನದ ಕಾಲಂ ಇರಲಿಲ್ಲ.

ರಾತ್ರಿ ಕೂತು ಹಳೆಯ ಇಮೇಲ್, ಬಿಲ್ಲುಗಳಿಂದ ಆ ಕಾಲಂ ತುಂಬಿದೆ. ಬಹಳ ಹೊತ್ತು ಬೇಕಾಗಲಿಲ್ಲ. ಕುಪ್ವಾಡದವರ ಪ್ರತಿಯೊಂದು ತಡದ ಹಿಂದೆ ನಾವು ಕೊಡದೆ ಇಟ್ಟುಕೊಂಡ ಹಿಂದಿನ ಬಿಲ್ಲು ಇತ್ತು. ಸ್ಟೀಲ್ ವ್ಯಾಪಾರಿ ಅವರಿಗೆ ನಗದಿಗೆ ಮಾತ್ರ ರಾಡ್ ಕೊಡುತ್ತಿದ್ದ. ನಮ್ಮ ಚೆಕ್ ಬಂದ ಮೇಲೆ ರಾಡ್, ರಾಡ್ ಬಂದ ಮೇಲೆ ಶಾಫ್ಟ್. ತಡ ಶುರುವಾಗುತ್ತಿದ್ದದ್ದು ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ. ‘ಪೇಮೆಂಟ್ ಯಾವಾಗ ಸಾಹೇಬ್ರ?’ ಎಂದು ಅವರು ಕೇಳಿದಾಗಲೆಲ್ಲ, ‘ಮುಂದಿನ ವಾರ’ ಎಂದು ಹೇಳಿದ ಬಾಯಿ ನನ್ನದೇ.

ಇದನ್ನು ನಾನು ಮೊದಲೇ ನೋಡಬೇಕಿತ್ತು. 2016ರ ಏಪ್ರಿಲ್‌ನಲ್ಲಿ ಬರದ ಲಾತೂರಿಗೆ ಮಿರಜ್‌ನಿಂದ ನೀರಿನ ರೈಲು ಹೊರಟಾಗ ನಾನು ಅಲ್ಲೇ ಇದ್ದೆ. ಟ್ಯಾಂಕ್ ವ್ಯಾಗನ್‌ಗಳನ್ನು ರಾಜಸ್ಥಾನದ ಕೋಟಾದಲ್ಲಿ ತೊಳೆದು ತಂದಿದ್ದರು. ಮೊದಲ ಸಲ 10 ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಆಮೇಲೆ 50 ವ್ಯಾಗನ್, 25 ಲಕ್ಷ ಲೀಟರ್. ಲಾತೂರು 340 ಕಿಲೋಮೀಟರ್ ದೂರ. ತುಂಬಿದ ರೈಲಿನ ಫೋಟೊ ಎಲ್ಲರೂ ತೆಗೆದರು, ನಾನೂ ತೆಗೆದೆ. ಆದರೆ ಖಾಲಿ ವ್ಯಾಗನ್ ವಾಪಸು ಬಂದು ಸೇರದೆ ಮುಂದಿನ ನೀರು ಹೊರಡುವುದೇ ಇಲ್ಲವಲ್ಲ. ಗೋಣಿ ಮಡಚಿ ಬೆಳೆದವನಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿತ್ತೇ?

ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಣಿಯಾದ ಸಣ್ಣ ಪೂರೈಕೆದಾರರಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಕೇಳಿದವರಿಗೆ ಬಡ್ಡಿ ಸಿಗಬಹುದು, ಮುಂದಿನ ಆದೇಶ ಸಿಗುತ್ತದೆಯೇ? 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಗಂಟು ಹಾಕಿದ್ದಾರೆ: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ನಿಜಕ್ಕೂ ಕೊಡುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ನೀತಿಪಾಠಕ್ಕೆ ಬಗ್ಗದ ಅಕೌಂಟ್ಸ್ ವಿಭಾಗಗಳು ಇದಕ್ಕೆ ಸ್ವಲ್ಪ ಬಗ್ಗಿವೆ.

ಜೂನ್ ಕೊನೆಗೆ ಮಿರಜ್‌ಗೆ ಮರಳಿ ಎರಡನೇ ವರದಿ ಕೊಟ್ಟೆ. ಮ್ಯಾನೇಜರ್ ಕೊನೆಯ ಕಾಲಂ ನೋಡಿ, ‘ಇದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ’ ಎಂದರು. ಕುಪ್ವಾಡದವರ ಹಳೆಯ ಬಾಕಿಯೊಂದನ್ನು ಬಿಡಿಸಿಕೊಡುವುದು ಮಾತ್ರ ನನ್ನಿಂದಾಯಿತು. ಅದಕ್ಕೂ ಎರಡು ತಿಂಗಳು ಹಿಡಿಯಿತು.

ಅದನ್ನು ಹೇಳಲು ಶೆಡ್ಡಿಗೆ ಹೋದೆ. ಒಂದೇ ಲೇಥ್ ಇತ್ತು. ಇನ್ನೊಂದು ಇದ್ದ ಜಾಗದಲ್ಲಿ ನೆಲದ ಮೇಲೆ ಬೋಲ್ಟ್‌ನ ತೂತುಗಳು, ಎಣ್ಣೆಯ ಕಲೆ. ಲಾಕ್‌ಡೌನ್‌ನಿಂದ ಹೋಯಿತು ಎಂದುಕೊಂಡು ನಾನು ಹಗುರಾಗಬಹುದಿತ್ತು. ಕೇಳಿದೆ. ಮಾರಿದ್ದು ಫೆಬ್ರವರಿಯಲ್ಲಂತೆ. ಯಾಕೆಂದು ಅವರು ಹೇಳಲಿಲ್ಲ, ಚಹಾ ತರಿಸಿದರು. ತಮ್ಮ ಎಲ್ಲಿ ಎಂದರೆ, ‘ಪುಣೆಗೆ ಹ್ವಾದ್ರಿ’ ಎಂದರು.

ಹೊರಡುವಾಗ ಊರಿಗೆಂದು ಐದು ಕಿಲೋ ಅರಿಶಿನ ಬೇಕಿತ್ತು ಎಂದೆ. ಅವರೇ ಪರಿಚಯದ ಅಂಗಡಿಯಿಂದ ಒಳ್ಳೆಯ ರಾಜಾಪುರಿ ತರಿಸಿ ಕೈಗಿಟ್ಟರು. ಎಷ್ಟಾಯಿತು ಎಂದೆ.

‘ಇರ್ಲಿ ತಗೊಳ್ರಿ. ರೊಕ್ಕ ನಲವತ್ತೈದು ದಿನ ಆದಮ್ಯಾಲ ಕೊಡ್ರೆಲಾ’ ಎಂದು ನಕ್ಕರು.

ನನಗೆ ನಗಲು ಆಗಲಿಲ್ಲ. ಟೂಲ್ ಬಾಕ್ಸಿನ ಮೇಲೆ ನೋಟು ಎಣಿಸಿ ಇಟ್ಟು, ಗಾಳಿಗೆ ಹಾರದಂತೆ ಮೇಲೊಂದು ಸ್ಪ್ಯಾನರ್ ಹೇರಿ ಬಂದೆ.