ಐದು ಊರುಗಳ ಒಂದು ಸ್ಥಾನ

ಸ್ಕಾಟ್ಲೆಂಡಿನ ಡಂಡೀ ನಗರದಿಂದ ರೈಲಿನಲ್ಲಿ ಉತ್ತರಾಭಿಮುಖವಾಗಿ ಹೊರಟರೆ ಬಲಗಡೆಯ ಸಮುದ್ರ ಬಹುದೂರದವರೆಗೆ ಜೊತೆ ಬಿಡದು. ಸ್ವಲ್ಪ ಹೊತ್ತಿನಲ್ಲಿಯೇ ಆರ್ಬ್ರೋತ್ ಸಿಕ್ಕುತ್ತದೆ: ಕೆಂಪು ಮರಳುಗಲ್ಲಿನ ಪಾಳುಮಠ, ಹೊಗೆಯಲ್ಲಿ ಹದಗೊಳಿಸಿದ ಹ್ಯಾಡಕ್ ಮೀನು, ಇವೆರಡೂ ಅದರ ಖ್ಯಾತಿ. ಮುಂದೆ ಮಾಂಟ್ರೋಸ್. ಅದರ ಬೆನ್ನಿಗೆ ಉಬ್ಬರದಲ್ಲಿ ತುಂಬಿ ಇಳಿತದಲ್ಲಿ ಬರಿದಾಗುವ ವಿಶಾಲವಾದ ಹಿನ್ನೀರು. ಶರತ್ಕಾಲದಲ್ಲಿ ಅಲ್ಲಿಗೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಒಳನಾಡಿನಲ್ಲಿ ಪುರಾತನವಾದ ದುಂಡುಗೋಪುರದ ಬ್ರೆಕಿನ್, ನೇಯ್ಗೆಯ ಊರಾದ ಫೋರ್ಫರ್. ಉತ್ತರದ ತೀರದಲ್ಲಿ ಎಲ್ಲಕ್ಕಿಂತ ಪುಟ್ಟದಾದ ಇನ್ವರ್‌ಬರ್ವಿ.

ಹೀಗೆ ಚದುರಿದ ಈ ಐದು ಊರುಗಳು 1832ರಿಂದ 1950ರವರೆಗೆ 'ಮಾಂಟ್ರೋಸ್ ಬರೋಸ್' ಎಂಬ ಹೆಸರಿನಲ್ಲಿ ಒಂದುಗೂಡಿ ಬ್ರಿಟಿಷ್ ಪಾರ್ಲಿಮೆಂಟಿಗೆ ಒಬ್ಬನೇ ಸದಸ್ಯನನ್ನು ಕಳುಹಿಸುತ್ತಿದ್ದವು. ನಡುವಣ ಹಳ್ಳಿಗಳು ಬೇರೆ ಕ್ಷೇತ್ರಕ್ಕೆ ಸೇರಿದವು. ಸನ್ನದು ಪಡೆದ ಪಟ್ಟಣಗಳನ್ನು ಹೀಗೆ ಹಾರದಂತೆ ಪೋಣಿಸುವುದು ಸ್ಕಾಟ್ಲೆಂಡಿನ ಹಳೆಯ ಪದ್ಧತಿ. 1832ಕ್ಕೆ ಮುಂಚೆ ಪುರಸಭೆಯ ಕೆಲವೇ ಮಂದಿಯ ಕೈಯಲ್ಲಿದ್ದ ಚುನಾವಣೆ, ಆ ವರ್ಷದ ಸುಧಾರಣೆಯಿಂದ ವರ್ಷಕ್ಕೆ 10 ಪೌಂಡು ಬೆಲೆಯ ಮನೆಯುಳ್ಳ ಗಂಡಸರಿಗೆ ದೊರೆಯಿತು.

ಈ ಪುಟ್ಟ ಕ್ಷೇತ್ರದ ಕಥೆಯನ್ನು ನಾವೇಕೆ ಓದಬೇಕೆಂದು ವಾಚಕರು ಕೇಳಬಹುದು. ನಮ್ಮ ದೇಶದ ಕಥೆಯ ಎರಡು ಎಳೆಗಳು ಅದರಲ್ಲಿ ಹೆಣೆದುಕೊಂಡಿವೆ.

ಮೊದಲನೆಯದು ಜೋಸೆಫ್ ಹ್ಯೂಮ್. 1777ರಲ್ಲಿ ಮಾಂಟ್ರೋಸಿನಲ್ಲಿ ಜನಿಸಿದ ಈತನನ್ನು, ತಂದೆ ತೀರಿಕೊಂಡ ಬಳಿಕ, ತಾಯಿ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟು ಸಾಕಿದಳು. ವೈದ್ಯನಾಗಿ ಈಸ್ಟ್ ಇಂಡಿಯಾ ಕಂಪನಿಯ ಸೇವೆ ಸೇರಿದ ಹ್ಯೂಮ್ ಇಲ್ಲಿನ ಭಾಷೆಗಳನ್ನು ಕಲಿತು, ಮರಾಠಾ ಯುದ್ಧದಲ್ಲಿ ದುಭಾಷಿಯಾದನು. ತೇವ ಹಿಡಿದ ಸಿಡಿಮದ್ದನ್ನು ಮತ್ತೆ ಬಳಕೆಗೆ ಬರುವಂತೆ ಒಣಗಿಸಿ ಹೆಸರು ಗಳಿಸಿದನು. ಸಾಕಷ್ಟು ಹಣದೊಡನೆ ಸ್ವದೇಶಕ್ಕೆ ಹಿಂತಿರುಗಿ ರಾಜಕೀಯಕ್ಕಿಳಿದು, ಸರ್ಕಾರದ ಖರ್ಚಿನ ಕಾಸುಕಾಸಿಗೂ ಲೆಕ್ಕ ಕೇಳುವವನೆಂದು ಪ್ರಸಿದ್ಧನಾದನು. 1831ರಲ್ಲಿ, ಬೇರೊಂದು ಕ್ಷೇತ್ರದ ಸದಸ್ಯನಾಗಿದ್ದಾಗ, ವಸಾಹತುಗಳಿಗೂ ಪಾರ್ಲಿಮೆಂಟಿನಲ್ಲಿ ಸ್ಥಾನ ಬೇಕು, ಅದರಲ್ಲಿ 4 ಭಾರತಕ್ಕೆ ಸಲ್ಲಬೇಕು ಎಂದು ಸೂಚನೆ ತಂದನು. ಸಭೆ ಅದನ್ನು ತಳ್ಳಿಹಾಕಿತು. 1842ರಿಂದ 1855ರಲ್ಲಿ ಸಾಯುವವರೆಗೆ ಹ್ಯೂಮ್ ತನ್ನ ಹುಟ್ಟೂರಿನ ಪ್ರತಿನಿಧಿ. 1885ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸನ್ನು ಕೂಡಿಸಿದವರಲ್ಲಿ ಪ್ರಮುಖನಾದ ಅಲನ್ ಆಕ್ಟೇವಿಯನ್ ಹ್ಯೂಮ್ ಈತನ ಮಗ. ತಂದೆಗೆ ದಕ್ಕದ ಮಾತನ್ನು ಮಗ ಇನ್ನೊಂದು ದಾರಿಯಿಂದ ಹಿಡಿದನೆನ್ನಬಹುದು.

ಎರಡನೆಯ ಎಳೆ ಕಹಿಯಾದುದು. ನ್ಯೂಕ್ಯಾಸಲ್ಲಿನಲ್ಲಿ ಸೋತ ವಿದ್ವಾಂಸ ಜಾನ್ ಮಾರ್ಲೆಯನ್ನು 1896ರಲ್ಲಿ ಈ ಐದು ಊರುಗಳು ಗೆಲ್ಲಿಸಿ ಕಳುಹಿಸಿದವು. 1905ರ ಕೊನೆಯಲ್ಲಿ ಆತ ಭಾರತ ಮಂತ್ರಿಯಾದನು. ಸ್ವಾತಂತ್ರ್ಯತತ್ತ್ವವನ್ನು ಕುರಿತು ಬರೆದವನೆಂದು ನಮ್ಮ ಗೋಖಲೆಯವರಂಥವರು ಆತನಲ್ಲಿ ಭರವಸೆ ಇಟ್ಟಿದ್ದರು. ಆದರೆ ಬಂಗಾಳದ ವಿಭಜನೆಯನ್ನು ಆತ ರದ್ದುಮಾಡಲಿಲ್ಲ. 1907ರಲ್ಲಿ ಲಾಲಾ ಲಜಪತರಾಯರು ವಿಚಾರಣೆಯಿಲ್ಲದೆ ಗಡೀಪಾರಾದರು. ಅದೇ ಅಕ್ಟೋಬರಿನಲ್ಲಿ ಆರ್ಬ್ರೋತಿನ ಮತದಾರರ ಮುಂದೆ ನಿಂತು ಮಾರ್ಲೆ ತನ್ನ ನೀತಿಯನ್ನು ಸಮರ್ಥಿಸಿಕೊಂಡನು. ಕೆನಡಾದ ಚಳಿಗೆ ಹಿತವಾದ ತುಪ್ಪಳದ ಅಂಗಿ ದಖ್ಖನಿನ ಸೆಖೆಗೆ ಒಗ್ಗದು, ಅಂತೆಯೇ ಅಲ್ಲಿನ ಸ್ವರಾಜ್ಯ ಭಾರತಕ್ಕೆ ಒಗ್ಗದು ಎಂಬುದು ಆತನ ವಾದ. ಇಂಗ್ಲೆಂಡಿನ ಅಧೀನರಾಗಿ ಬಾಳೆವೆಂದು ಸ್ಕಾಟರು 1320ರಲ್ಲಿ ಪೋಪನಿಗೆ ಬರೆದ ಪ್ರಸಿದ್ಧ ಪತ್ರ ಹೊರಟದ್ದು ಅದೇ ಊರಿನ ಮಠದಿಂದ! ದಖ್ಖನಿನ ಜನಕ್ಕೆ ಯಾವ ಅಂಗಿ ಒಪ್ಪೀತೆಂಬುದನ್ನು ದಖ್ಖನನ್ನು ಕಾಣದ ಜನರ ಮುಂದೆ ತೀರ್ಮಾನಿಸಲಾಯಿತು. ಅಂಗಿ ತೊಡಬೇಕಾದವರಿಗೆ ಅಲ್ಲಿ ಮತವಿರಲಿಲ್ಲ.

1908ರಲ್ಲಿ ಮಾರ್ಲೆ ಪ್ರಭುಸಭೆಗೆ ಹೋದನು. ಆತನ ಹೆಸರಿನ 1909ರ ಸುಧಾರಣೆ ಶಾಸನಸಭೆಗಳನ್ನು ಹಿಗ್ಗಿಸಿತು, ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರವನ್ನೂ ತಂದಿತು. ಅದರ ಫಲವನ್ನು ನಾವು 1947ರವರೆಗೂ ಉಂಡೆವು.

1950ರ ಫೆಬ್ರವರಿಯ ಚುನಾವಣೆಯಲ್ಲಿ ಮಾಂಟ್ರೋಸ್ ಬರೋಸ್ ಇಲ್ಲವಾಯಿತು. ಊರುಗಳು ಸುತ್ತಲಿನ ಕ್ಷೇತ್ರಗಳಲ್ಲಿ ಹಂಚಿಹೋದವು. ಅದಕ್ಕೆ ಒಂದು ತಿಂಗಳೂ ಮುಂಚೆಯಲ್ಲ, ಜನವರಿ 26ರಂದು, ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಮತವಿತ್ತ ಸಂವಿಧಾನ ಭಾರತದಲ್ಲಿ ಜಾರಿಗೆ ಬಂದಿತ್ತು. ಮಾಂಟ್ರೋಸಿನ ಹೆದ್ದಾರಿಯಲ್ಲಿ ಹ್ಯೂಮನ ಶಿಲಾಪ್ರತಿಮೆ ಇಂದಿಗೂ ನಿಂತಿದೆ. ಆತ ಬೇಡಿದ ನಾಲ್ಕು ಸ್ಥಾನಗಳು ಲಂಡನ್ನಿನಲ್ಲಿ ಎಂದೂ ದೊರೆಯಲಿಲ್ಲ. ದೆಹಲಿಯಲ್ಲಿ ಅವುಗಳ ಅಗತ್ಯವೂ ಉಳಿಯಲಿಲ್ಲ.