ವೇದಾವತಿಯ ದಾರಿಯಲ್ಲಿ ಒಂದು ಮಳೆ ನಕ್ಷೆ

ಚಿತ್ರದುರ್ಗ ಜಿಲ್ಲೆಯ ಮಳೆಯ ಲೆಕ್ಕ ಮಾತ್ರ ಗೊತ್ತಿರುವವರಿಗೆ ಮಾರಿಕಣಿವೆ ಒಂದು ಒಗಟು. ನಮ್ಮ ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿ ವರ್ಷವಿಡೀ ಸುರಿದರೂ ಐನೂರು ಮಿಲಿಮೀಟರಿನ ಆಸುಪಾಸು. ಇಂಥ ಕಡೆ ಎರಡು ಗುಡ್ಡಗಳ ನಡುವೆ ಗೋಡೆ ಎಬ್ಬಿಸಿ 30 ಟಿಎಂಸಿ ಅಡಿ ನೀರು ನಿಲ್ಲಿಸಲು ಹೊರಟವರ ಧೈರ್ಯವಾದರೂ ಎಂಥದ್ದು! 1907ರಲ್ಲಿ ಮುಗಿದ ಈ ವಾಣಿವಿಲಾಸ ಸಾಗರ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 2022ರಲ್ಲಿ. ನಡುವೆ 89 ವರ್ಷ. ಮೂರನೆಯ ಸಲಕ್ಕೆ ಅಷ್ಟು ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ಆಯಿತು.

ಈ ಒಗಟು ನನ್ನನ್ನು ಮತ್ತೆ ಕಾಡಿದ್ದು ಒಂದು ತರಬೇತಿಯಲ್ಲಿ. ಪಂಚಾಯಿತಿ ಸಿಬ್ಬಂದಿ ಮತ್ತು ನಮ್ಮಂಥ ಕೆಲವು ಮೇಷ್ಟ್ರುಗಳನ್ನು ಕೂರಿಸಿ ಕಂಪ್ಯೂಟರಿನಲ್ಲಿ ಹವಾಮಾನದ ನಕ್ಷೆ ತಯಾರಿಸುವುದನ್ನು ನಾಲ್ಕು ದಿನ ಕಲಿಸಿದರು. ಊರಿನ ಯೋಜನೆ ಬರೆಯುವಾಗ ಕೃಷಿ ಹೊಂಡ ಎಲ್ಲಿ, ತಡೆ ಅಣೆ ಎಲ್ಲಿ ಎಂಬುದನ್ನು ಇನ್ನು ಮುಂದೆ ನಕ್ಷೆ ನೋಡಿ ಗೊತ್ತುಮಾಡಬೇಕೆಂಬುದು ಉದ್ದೇಶ. ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೆ ಕಾಸು ಕೊಡಬೇಕಾಗಿಲ್ಲ. ಹಿಂದೆ ನಾವು ಕಿಟಕಿ ಗಾಜಿಗೆ ಹಾಳೆ ಒತ್ತಿ ಹಿಡಿದು ಭೂಪಟ ತೆಗೆಯುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ. ಒಂದು ಹಾಳೆಯಲ್ಲಿ ಮಳೆ, ಇನ್ನೊಂದರಲ್ಲಿ ನೆಲದ ಎತ್ತರ, ಮತ್ತೊಂದರಲ್ಲಿ ಊರಿನ ಗಡಿ. ಮೂರನ್ನೂ ಒಂದರ ಮೇಲೊಂದಿಟ್ಟು ನೋಡುವುದು.

ಹಾಳೆಗಳ ಗುಣ ಮಾತ್ರ ಒಂದೇ ಅಲ್ಲ. ಭಾರತ ಹವಾಮಾನ ಇಲಾಖೆಯ ಚೌಕುಳಿ ಮಳೆ ದಾಖಲೆ 1901ರಿಂದ ಸಿಗುತ್ತದೆ. ಆದರೆ ಅದರ ಒಂದೊಂದು ಚೌಕದ ಬದಿ ಸುಮಾರು 27 ಕಿಲೋಮೀಟರು, ಅಂದರೆ 700 ಚದರ ಕಿಲೋಮೀಟರಿಗೂ ಮಿಗಿಲು ನೆಲಕ್ಕೆ ಒಂದೇ ಅಂಕಿ. ನಮ್ಮ ಕಡೆ ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುತ್ತದೆ! ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು ಹತ್ತಿರದ ಸುದ್ದಿ ಹೇಳುತ್ತವೆ, ಆದರೆ ವಯಸ್ಸು ಚಿಕ್ಕದು. ಅಜ್ಜನಿಗೆ ಕಣ್ಣು ಮಂಜು, ಮೊಮ್ಮಗನಿಗೆ ಹಳೆಯದು ಗೊತ್ತಿಲ್ಲ.

ಎತ್ತರದ ಹಾಳೆ ಬಂದದ್ದು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಭೂಮಿಯನ್ನು ಅಳೆದಾಗ. ಅದನ್ನು 30 ಮೀಟರಿನ ಮನೆಗಳಾಗಿ ಹಂಚಿದ್ದಾರೆ. ಪ್ರತಿ ಮನೆಯೂ ತನ್ನ ಎಂಟು ನೆರೆಮನೆಗಳಲ್ಲಿ ಯಾವುದು ತೀರ ತಗ್ಗಿನಲ್ಲಿದೆಯೋ ಅಲ್ಲಿಗೆ ನೀರು ಸಾಗಿಸುತ್ತದೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಅಣೆಕಟ್ಟೆಯ ಮೇಲೆ ಬೆರಳಿಟ್ಟು ‘ಇಲ್ಲಿಗೆ ಯಾರ್ಯಾರ ನೀರು ಬರುತ್ತದೆ?’ ಎಂದು ಕೇಳಿದರೆ ಜಲಾನಯನದ ಗಡಿ ಎಳೆದು ತೋರಿಸುತ್ತದೆ. ನಾನು ಹಾಗೆ ಕೇಳಿದಾಗ ಗೆರೆ ಚಿತ್ರದುರ್ಗ ಜಿಲ್ಲೆಯನ್ನು ದಾಟಿ, ಕಡೂರನ್ನೂ ದಾಟಿ, ಬಾಬಾಬುಡನ್ ಗಿರಿಯ ನೆತ್ತಿಗೆ ಹತ್ತಿ ಕೂತಿತು. ಪುಸ್ತಕದಲ್ಲಿ ಓದಿದ್ದೆನೇನೋ ಸರಿ. ಆದರೂ ದಸರಾ ರಜೆಯಲ್ಲಿ ನಕ್ಷೆಯನ್ನು ಅಚ್ಚು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಆ ಗೆರೆಯ ಹಿಂದೆ ಹೊರಟೆ.

ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯಿಂದ ಶುರು ಮಾಡಿದೆ. ನಕ್ಷೆಯಲ್ಲಿ ಕಡುನೀಲಿ ತಿಳಿನೀಲಿಯಾಗುವ ಜಾಗ ಅದು. ಬೆನ್ನಿಗೆ ಮೋಡ ಹೊದ್ದ ಗಿರಿಸಾಲು, ಪಕ್ಕದಲ್ಲಿ ಶಕುನಗಿರಿ, ಕೆಳಗೆ ಕಡಲಿನಂತೆ ಕೆರೆ. ಗಿರಿಯಿಂದ ಇಳಿದ ವೇದಾ ಇಲ್ಲಿ ತಂಗಿ ಮುಂದೆ ಹೋಗುತ್ತಾಳೆ. ಆಕೆಯ ಜೊತೆಗಾತಿ ಅವತಿ, ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರುವ ಮದಗದ ಕೆರೆಯಲ್ಲಿ ತಂಗಿ ಬರುತ್ತಾಳೆ. ಕಡೂರಿನ ಬಳಿ ಇಬ್ಬರೂ ಸೇರಿ ವೇದಾವತಿ. ಏರಿಯ ಮೇಲೆ ದನ ಕಾಯುತ್ತಿದ್ದ ಹಿರಿಯರೊಬ್ಬರಿಗೆ ನಕ್ಷೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ‘ನಮ್ಗೆ ಪುನರ್ವಸು, ಪುಷ್ಯ ಹಿಡ್ದು ಹೊಯ್ದ್ರೆ ಸಾಕು ಸ್ವಾಮಿ, ಕೆರೆ ತುಂಬ್ತು ಅಂತ್ಲೇ. ನಿಮ್ಮ ಕಡೆ?’ ಎಂದರು. ನಮ್ಮ ಕಡೆ ಉತ್ತರೆ, ಹಸ್ತ, ಚಿತ್ತೆ. ಜುಲೈ ತಿಂಗಳ ಹಾಳೆಯಲ್ಲಿ ಗಿರಿ ನೀಲಿ, ಹಿರಿಯೂರು ಹಳದಿ. ಸೆಪ್ಟೆಂಬರು, ಅಕ್ಟೋಬರಿನಲ್ಲಿ ನಮ್ಮ ಹಳದಿಗೂ ಕೊಂಚ ಹಸಿರು. ವರ್ಷದ ಸರಾಸರಿ ಎಂಬ ಒಂದೇ ಬಣ್ಣ ಬಳಿದರೆ ಇದೆಲ್ಲ ಅಳಿಸಿಹೋಗುತ್ತದೆ. ಸರಾಸರಿಯನ್ನು ಪಾಠ ಮಾಡುವವನೇ ಹೇಳುತ್ತಿದ್ದೇನೆ, ಬಿತ್ತನೆಗೆ ಸರಾಸರಿ ಪ್ರಯೋಜನವಿಲ್ಲ.

ಕಡೂರಿನಿಂದ ಹೊಸದುರ್ಗದ ಬಸ್ಸು. ಕಿಟಕಿಯಾಚೆ ನಕ್ಷೆಯ ಬಣ್ಣವೇ ಬದಲಾಗುತ್ತ ಹೋಯಿತು. ಅಡಿಕೆ ಹಿಂದೆ ಬಿದ್ದು ತೆಂಗು, ತೆಂಗು ಹಿಂದೆ ಬಿದ್ದು ರಾಗಿ, ಆಮೇಲೆ ಜಾಲಿ. ನದಿ ಮಾತ್ರ ಜೊತೆ ಬಿಡಲಿಲ್ಲ.

ಮಾರಿಕಣಿವೆಯ ಕಟ್ಟೆಯ ಮೇಲೆ ಸಂಜೆ ಗಾಳಿ ಜೋರು. ನೀರು ಕಣ್ಣು ಹಾಯುವಷ್ಟು ದೂರ. 2019ರಿಂದೀಚೆಗೆ ಭದ್ರಾ ಮೇಲ್ದಂಡೆಯ ನೀರೂ ಇಲ್ಲಿಗೆ ಬರುತ್ತಿರುವುದರಿಂದ ಈ ತುಂಬು ನೋಟವೆಲ್ಲ ವೇದಾವತಿಯದೇ ಅಲ್ಲ. ಕಟ್ಟೆಯ ಕೆಳಗೆ ಅಡಿಕೆ ಸಸಿಗೆ ಗುಂಡಿ ತೋಡುತ್ತಿದ್ದರು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಕಟ್ಟೆಯಲ್ಲಿ ನೀರು ತಳ ಕಂಡ ವರ್ಷಗಳಲ್ಲಿ ಇದೇ ಸೀಮೆಯ ತೆಂಗಿನ ತೋಟಗಳು ಸುಳಿ ಒಣಗಿ ನಿಂತದ್ದನ್ನು ನೋಡಿದವನು ನಾನು. ನಕ್ಷೆ ಹಿಡಿದುಕೊಂಡು ಅವರಿಗೆ ಬುದ್ಧಿ ಹೇಳಲು ಬಾಯಿ ಬರಲಿಲ್ಲ. ಗುಂಡಿ ತೋಡುವವನಿಗೆ ಎದುರಿಗೆ ಕಾಣುವುದು ನೀರು, 1933 ಅಲ್ಲ.

ರಜೆ ಮುಗಿದ ಮೇಲೆ ನಮ್ಮ ಕಡೆಯ ಒಂದು ಪಂಚಾಯಿತಿಯವರು ಊರ ನಕ್ಷೆ ಮಾಡಿಕೊಡಲು ಕೇಳಿದರು. ಎತ್ತರದ ಹಾಳೆಯಿಂದ ಹಳ್ಳಗಳನ್ನು ಎಳೆದು, ಐದು ಕೃಷಿ ಹೊಂಡಗಳಿಗೆ ಸೂಚಿಸಿದ್ದ ಜಾಗಗಳನ್ನು ಗುರುತು ಹಾಕಿ, ಅರಳಿಕಟ್ಟೆಯಲ್ಲಿ ಹಾಸಿದೆವು. ಬೀಡಿ ಆರಿಸಿ ಬಂದ ಅಜ್ಜ ಬಗ್ಗಿ ನೋಡಿ ಬೆರಳು ಇಟ್ಟ.

‘ಮೇಷ್ಟ್ರೇ, ಈ ಹಳ್ಳ ಈಗ ಹಿಂಗೆ ಹರಿಯಲ್ಲ. ರಸ್ತೆ ಎತ್ತರ ಮಾಡಿದ್ರಲ್ಲ, ಆವತ್ತಿಂದ ಪೂರ್ವಕ್ಕೆ ತಿರುಗೈತೆ.’

ರಸ್ತೆ ಎತ್ತರಿಸಿದ್ದು 2000ಕ್ಕಿಂತ ಈಚೆಗೆ. ನೌಕೆ ಹಾದುಹೋದಾಗ ಆ ಏರಿ ಇರಲೇ ಇಲ್ಲ. ಇದ್ದಿದ್ದರೂ 30 ಮೀಟರಿನ ಮನೆಯೊಳಗೆ ಅದು ಅಡಗಿಹೋಗುತ್ತಿತ್ತು. ಎಲ್ಲರೂ ಎದ್ದು ಹಳ್ಳದ ಗುಂಟ ನಡೆದೆವು. ಅಜ್ಜ ಹೇಳಿದಂತೆಯೇ ನೀರು ಕೊರೆದ ಗುರುತು ಪೂರ್ವಕ್ಕಿತ್ತು. ಅವನಿಗೆ ತಿಳಿಯದ ಸಂಗತಿಯೊಂದು ನಕ್ಷೆಯಲ್ಲೂ ಇತ್ತೆನ್ನಿ. ಅವನ ಹೊಲದ ಮೇಲಿನ ಬೋಳುಗುಡ್ಡದ ಅರ್ಧ ನೀರು ಇಳಿಯುತ್ತಿದ್ದುದು ಆಚೆ ಊರಿನ ಕೆರೆಗೆ. ಅದನ್ನು ಇತ್ತ ತಿರುಗಿಸುವ ಕಾಲುವೆಗೆಂದು ಇವರು ಎರಡು ವರ್ಷದಿಂದ ಅರ್ಜಿ ಹಾಕುತ್ತಿದ್ದರಂತೆ. ಆಚೆ ಊರಿನವರ ಮುಂದೆ ಆ ಗೆರೆಯನ್ನು ಇಟ್ಟಾಗ ಕೊಂಚ ಹೊತ್ತು ಯಾರೂ ಮಾತಾಡಲಿಲ್ಲ.

ಹಳ್ಳವನ್ನು ಕೆಂಪು ಶಾಯಿಯಲ್ಲಿ ಹೊಸದಾಗಿ ಬರೆದೆವು. ಎರಡು ಹೊಂಡಗಳ ಜಾಗ ಬದಲಾಯಿತು, ಎರಡು ಇದ್ದಲ್ಲೇ ಉಳಿದವು. ಐದನೆಯದು ಎರಡು ಊರಿಗೂ ಸೇರಿದ ಹುಲ್ಲುಗಾವಲಿನಲ್ಲಿದೆ. ಅದರ ಬಗ್ಗೆ ಎರಡೂ ಊರಿನವರು ಕೂತು ಮಾತಾಡಬೇಕೆಂದು ಗ್ರಾಮಸಭೆಯ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.