ಮುಖ ಕಾಣದ ಯಂತ್ರ

‘ಮುಖ ನೋಡಿ ಮಣೆ ಹಾಕುವುದು’ ಎಂಬ ಮಾತು ಮನುಷ್ಯರ ವಿಷಯದಲ್ಲಿ ಹುಟ್ಟಿದ್ದಾದರೂ ಈ ಕಾಲದಲ್ಲಿ ಅದು ಯಂತ್ರಗಳಿಗೂ ಸಲ್ಲುತ್ತದೆ. ಗಣಕಯಂತ್ರದ ಗುಂಡಿಯನ್ನೊತ್ತಿದೊಡನೆ ನೀಲಿಯ ಆಕಾಶವೋ ಹಸುರು ಬೆಟ್ಟವೋ ಮೂಡಿ, ಅದರ ಮೇಲೆ ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ನಿಂತರೆ ಮನೆಮಂದಿಗೆಲ್ಲ ಸಮಾಧಾನ. ಅದೇ ಯಂತ್ರವು ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಬಿಳಿಯ ಅಕ್ಷರಗಳನ್ನು ತೋರಿಸಿ ಸುಮ್ಮನೆ ನಿಂತಿತೆನ್ನಿ. ‘ಕೆಟ್ಟುಹೋಯಿತು’ ಎಂಬ ತೀರ್ಪು ಒಡನೆಯೇ ಹೊರಬೀಳುತ್ತದೆ. ಅದು ಮಾತನಾಡಿದೆ, ಮರುಮಾತಿಗಾಗಿ ಕಾಯುತ್ತಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ ದೊಡ್ಡಬೆಳವಂಗಲ. ಅಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ‘ಮೇಷ್ಟರು’. ನಿವೃತ್ತಿಯ ಹಣದಲ್ಲಿ ಕೊಂಡ ಗಣಕಯಂತ್ರದಲ್ಲಿ ಅವರು ತಮ್ಮ ಸೀಮೆಯ ಮಾತುಗಳನ್ನು ಒಂದೊಂದಾಗಿ ಕೂಡಿಹಾಕುತ್ತ ಬಂದಿದ್ದರು. ಕೂರಿಗೆ, ಕುಂಟೆ, ಕಣ, ಮೆದೆ ಮೊದಲಾದ ಹೊಲದ ಮಾತುಗಳು ಅವರಿಗೇ ತಿಳಿದಿದ್ದವು. ಹಾಸು, ಹೊಕ್ಕು, ಲಾಳಿ ಮೊದಲಾದ ಮಗ್ಗದ ಮಾತುಗಳನ್ನು ಹೇಳಿದವರು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ಮೂವತ್ತು ವರ್ಷ ದುಡಿದ ಅವರ ತಮ್ಮ. ಅಡುಗೆಮನೆಯ ಮಾತುಗಳನ್ನು ಹೇಳಿ ಬರೆಸಿದವರು ಮೇಷ್ಟರ ಹೆಂಡತಿ. ಆಕೆ ತೀರಿಕೊಂಡು ಒಂದು ವರ್ಷವಾಗಿತ್ತು. ಪೆನ್‌ಡ್ರೈವಿನಲ್ಲಿ ಇದ್ದ ಪ್ರತಿ ಅದಕ್ಕಿಂತಲೂ ಹಳೆಯದು. ಅಡುಗೆಮನೆಯ ಭಾಗವು ಯಂತ್ರದ ಹೊಟ್ಟೆಯಲ್ಲಿ ಮಾತ್ರವೇ ಇತ್ತು.

ಯಂತ್ರಕ್ಕೂ ವಯಸ್ಸಾಗಿತ್ತು. ಅದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಎಂಬ ಮುಂದಿನ ಅವತಾರವು ಹೊಸ ಪ್ರೊಸೆಸರನ್ನೂ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಟನ್ನೂ ಕೇಳುತ್ತದೆ. ಅವೆರಡೂ ಈ ಮುದಿ ಪೆಟ್ಟಿಗೆಯಲ್ಲಿರಲಿಲ್ಲ. ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಡೆಬಿಯನ್ ಹಾಕಿ ನೋಡಬಹುದೆಂದು ಸೂಚಿಸಿದವಳು ಬಿ.ಎಸ್‌ಸಿ. ಓದುತ್ತಿದ್ದ ಮೊಮ್ಮಗಳು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬ ತಿರುಳು, 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಸಾರಿದ ಗ್ನೂ ಯೋಜನೆಯ ಸಲಕರಣೆಗಳು, ಇವೆರಡನ್ನೂ ಬೆಸೆದು ಇಯನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ವ್ಯವಸ್ಥೆಯೇ ಡೆಬಿಯನ್. ಅದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು.

ಮೊಮ್ಮಗಳು ಇಳಿಸಿಕೊಂಡದ್ದು ಅದರ ಚಿಕ್ಕ ಪ್ರತಿಯನ್ನು. ಆ ಪ್ರತಿಯಲ್ಲಿ ಅಡಿಪಾಯ ಮಾತ್ರ ಇರುತ್ತದೆ. ಉಳಿದುದನ್ನೆಲ್ಲ ಅನುಸ್ಥಾಪನೆಯ ಕಾಲದಲ್ಲಿ ಅಂತರ್ಜಾಲದಿಂದ ತರಿಸಿಕೊಳ್ಳಬೇಕು. ಹಾರ್ಡ್ ಡಿಸ್ಕಿನ ಎರಡು ಭಾಗಗಳಲ್ಲಿ ವಿಂಡೋಸ್ ಇದ್ದ ಮೊದಲನೆಯದನ್ನು ಮಾತ್ರ ಬಿಟ್ಟುಕೊಟ್ಟು, ತಾತನ ಕಡತಗಳಿದ್ದ ಎರಡನೆಯದನ್ನು ಆಕೆ ಮುಟ್ಟದೆ ಉಳಿಸಿದಳು. ಎಲ್ಲವೂ ಕ್ರಮವಾಗಿಯೇ ನಡೆಯಿತು. ಆದರೆ ಮೊಬೈಲಿನಿಂದ ಒದಗುತ್ತಿದ್ದ ಜಾಲವು ನಡುವೆ ಕೈಕೊಟ್ಟಿತು. ‘ಜಾಲವಿಲ್ಲದೆಯೇ ಮುಂದುವರಿಯಲೆ?’ ಎಂದು ಯಂತ್ರ ಕೇಳಿತು. ‘ಹೂಂ’ ಎಂಬ ಉತ್ತರ ಹೋಯಿತು. ಅನುಸ್ಥಾಪನೆ ಮುಗಿದು ಯಂತ್ರ ಮತ್ತೆ ಎದ್ದಾಗ ಆಕಾಶವೂ ಇಲ್ಲ, ಬೆಟ್ಟವೂ ಇಲ್ಲ. ಕಪ್ಪು ಪರದೆ; ಅದರ ಮೇಲೆ ‘ಲಾಗಿನ್’ ಎಂಬ ಒಂದು ಪದ; ಅದರ ಪಕ್ಕದಲ್ಲಿ ಕಣ್ಣು ಮಿಟುಕಿಸುವ ಒಂದು ಗೆರೆ.

ಹುಡುಗಿ ಹೆಸರನ್ನು ಒತ್ತಿದಳು, ಅಕ್ಷರಗಳು ಮೂಡಿದವು. ಗುಪ್ತಪದವನ್ನು ಒತ್ತಿದಳು, ಒಂದು ಚುಕ್ಕೆಯೂ ಮೂಡಲಿಲ್ಲ. ಮೇಷ್ಟರ ಎದೆ ಧಸಕ್ಕೆಂದಿತು.

“ಕೀಲಿಮಣೆನೂ ಹೋಯ್ತೇನಮ್ಮಾ?”

“ಇಲ್ಲ ತಾತ, ಇದರ ಪದ್ಧತಿನೇ ಹೀಗೆ. ಪಕ್ಕದಲ್ಲಿ ನಿಂತೋರು ಎಷ್ಟು ಅಕ್ಷರ ಅಂತ ಎಣಿಸಬಾರದು ಅಂತ ತೋರಿಸೋದಿಲ್ಲ. ನೀವು ಗಾಬರಿಯಾಗಬೇಡಿ.”

ಗಾಬರಿಯು ಅಪ್ಪಣೆ ಕೇಳಿ ಬರುವ ವಸ್ತುವಲ್ಲ. ಮೇಷ್ಟರು ಪೇಟೆಯ ಅಂಗಡಿಯೊಂದಕ್ಕೆ ಫೋನು ಮಾಡಿದರು. ಅಲ್ಲಿನವರು ನಾಲ್ಕು ಮಾತಿನಲ್ಲಿ ಚಿಕಿತ್ಸೆಯನ್ನು ಹೇಳಿಬಿಟ್ಟರು: ಯಂತ್ರವನ್ನು ತಂದುಕೊಟ್ಟರೆ ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುವುದು. ಪೂರ್ತಿ ಫಾರ್ಮ್ಯಾಟ್ ಎಂದರೆ ಎರಡನೆಯ ಭಾಗವೂ ಬರಿದಾಗುವುದೆಂದೇ ಅರ್ಥ. ಮೇಷ್ಟರು ಫೋನನ್ನು ಕೆಳಗಿಟ್ಟು ಸುಮ್ಮನೆ ಕುಳಿತರು.

ಆಗ ಬಾಯಿ ತೆರೆದವರು ಜಗಲಿಯ ಮೇಲಿದ್ದ ತಮ್ಮ.

“ಅಲ್ಲ ಕಣಣ್ಣ, ಸೀರೆ ಮೇಲೆ ಹೂ ಬೀಳ್ಲಿಲ್ಲ ಅಂದ್ರೆ ಮಗ್ಗಾನೇ ಒಡೆದು ಹಾಕ್ತಾರಾ? ಹಾಸು ಸರಿ ಇದ್ಯಾ ನೋಡ್ತಾರೆ. ಆಮೇಲೆ ಕಾರ್ಡು ಏರಿಸಿದ್ದಾರಾ ನೋಡ್ತಾರೆ. ನೋಡಮ್ಮಾ ನೀನು, ಒಂದೊಂದಾಗಿ ನೋಡು.”

ಈ ಮಾತಿನಲ್ಲಿ ಎಷ್ಟು ತಥ್ಯವಿದೆಯೆಂಬುದು ಹೇಳಿದವರಿಗೇ ತಿಳಿದಿರಲಾರದು. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ಏರ್ಪಾಟಿನಲ್ಲಿ, ರಂಧ್ರವಿರುವ ಕಾರ್ಡು ಯಾವ ಹಾಸಿನ ಎಳೆ ಮೇಲೇಳಬೇಕೆಂಬುದನ್ನು ನಿರ್ಣಯಿಸುತ್ತದೆ. ಚಾರ್ಲ್ಸ್ ಬಾಬೇಜ್ 1830ರ ದಶಕದಲ್ಲಿ ಕಲ್ಪಿಸಿದ ಗಣನಯಂತ್ರಕ್ಕೂ ಅಂಥ ಕಾರ್ಡುಗಳನ್ನೇ ಬಳಸಬೇಕೆಂದಿದ್ದ. ಮಗ್ಗವೂ ಗಣಕವೂ ದೂರದ ನೆಂಟರಲ್ಲ. ಹೂವು ಬೇರೆ, ಬಟ್ಟೆ ಬೇರೆ. ಹೂವಿಲ್ಲದೆಯೂ ಬಟ್ಟೆ ಬಟ್ಟೆಯೇ.

ಲಿನಕ್ಸಿನ ವ್ಯವಸ್ಥೆಯೂ ಹಾಗೆಯೇ. ಕೆಳಗೆ ತಿರುಳು, ಅದರ ಮೇಲೆ ಸೇವೆಗಳನ್ನು ಎಬ್ಬಿಸುವ ಮೇಸ್ತ್ರಿ, ಅದರ ಮೇಲೆ ಚಿತ್ರ ಬರೆಯುವ ಪದರ, ಎಲ್ಲಕ್ಕೂ ಮೇಲೆ ಡೆಸ್ಕ್‌ಟಾಪ್ ಎಂಬ ಮುಖ. ಚಿತ್ರ ಬರೆಯುವ ಎಕ್ಸ್ ಎಂಬ ಪದರವು 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿತು. ಕೆ.ಡಿ.ಇ., ಗ್ನೋಮ್, ಎಕ್ಸ್‌ಎಫ್‌ಸಿಇ ಮೊದಲಾದ ಮುಖಗಳು 1996–97ರ ಸುಮಾರಿಗೆ ಆರಂಭವಾದವು. ಇವನ್ನು ಹಾಕಿಕೊಳ್ಳುವುದೂ ಬಿಡುವುದೂ ಯಜಮಾನನ ಇಷ್ಟ. ಜಗತ್ತಿನ ಅಂತರ್ಜಾಲವನ್ನು ನಡೆಸುವ ಎಷ್ಟೋ ಯಂತ್ರಗಳು ಮುಖವೇ ಇಲ್ಲದೆ ಹಗಲಿರುಳು ದುಡಿಯುತ್ತಿವೆ.

ಹುಡುಗಿ ಮೊದಲು ಹುಡುಕಿದ್ದು ಮುಖವನ್ನಲ್ಲ, ಅಜ್ಜಿಯ ಕಡತವನ್ನು. ಡಿಸ್ಕಿನ ಭಾಗಗಳನ್ನು ಪಟ್ಟಿಮಾಡಿಸಿದಾಗ ಎರಡನೆಯ ಭಾಗ ಇದ್ದಂತೆಯೇ ಇತ್ತು. ಓದುವುದಕ್ಕೆ ಮಾತ್ರ ಅಪ್ಪಣೆಯಿತ್ತು ಅದನ್ನು ತೆರೆದಳು. ಬರೆಯುವ ಅಧಿಕಾರವಿಲ್ಲದಿದ್ದರೆ ಕೈತಪ್ಪಿನಿಂದಲೂ ಕೆಡುವಂತಿಲ್ಲ. ಕಡತಗಳ ಹೆಸರುಗಳು ಸಾಲಾಗಿ ಇಳಿದುವು. “ಇದೆ ತಾತ, ಅಡಿಗೆಮನೆ ಅಂತ ಇದೆ” ಎಂದಳು. ಮೇಷ್ಟರು ಕನ್ನಡಕವನ್ನು ತೆಗೆದು ಒರೆಸಿಕೊಂಡರು.

ಇನ್ನುಳಿದದ್ದು ನಿದಾನದ ಕೆಲಸ. ಯಂತ್ರವು ಯಾವ ಗುರಿಗೆ ಏಳಬೇಕೆಂದು ಹೊರಟಿದೆ? ‘ಸಿಸ್ಟಮ್‌ಸಿಟಿಎಲ್ ಗೆಟ್-ಡಿಫಾಲ್ಟ್’ ಎಂದು ಕೇಳಿದ್ದಕ್ಕೆ, ಚಿತ್ರವುಳ್ಳ ಗುರಿಗೇ ಎಂಬ ಉತ್ತರ ಬಂದಿತು. ಹಾಗಾದರೆ ಆ ಚಿತ್ರವನ್ನು ಎತ್ತಿ ನಿಲ್ಲಿಸುವ ಸೇವೆಯ ಸ್ಥಿತಿಯೇನು? ಅಂಥ ಸೇವೆಯೇ ಸಿಗಲಿಲ್ಲವೆಂದು ಯಂತ್ರ ಹೇಳಿತು. ರೋಗವೆಲ್ಲ ಈ ಎರಡು ಉತ್ತರಗಳಲ್ಲಿ ತಿಳಿದುಹೋಯಿತು. ಸೇವೆ ಇದ್ದೂ ಬಿದ್ದುಹೋಗಿದ್ದರೆ ದಾರಿ ಬೇರೆಯಾಗುತ್ತಿತ್ತು: ಡಿಸ್ಕು ತುಂಬಿದೆಯೆ, ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಡ್ರೈವರ್ ಇಲ್ಲವೆ ಎಂದು ದಿನಚರಿಯ ಕಡತವನ್ನು ತಿರುವಿಹಾಕಬೇಕಾಗಿತ್ತು. ಇಲ್ಲಿ ಏನೂ ಕೆಟ್ಟಿರಲಿಲ್ಲ. ಬರಬೇಕಾದುದು ಬಂದೇ ಇರಲಿಲ್ಲ. ಜಾಲ ಕಡಿದಾಗ ಯಂತ್ರವು ತನ್ನ ಬಳಿ ಇದ್ದ ಅಡಿಪಾಯವನ್ನಷ್ಟೇ ಹಾಕಿ ಕೈತೊಳೆದುಕೊಂಡಿತ್ತು.

ಕೆಟ್ಟದ್ದಕ್ಕೂ ಬಾರದಿದ್ದುದಕ್ಕೂ ಇರುವ ಅಂತರ ಸಣ್ಣದಲ್ಲ. ಮೊದಲನೆಯದಕ್ಕೆ ರಿಪೇರಿ ಬೇಕು, ಎರಡನೆಯದಕ್ಕೆ ಕರೆ ಸಾಕು. ಇವೆರಡನ್ನೂ ಬೇರ್ಪಡಿಸದೆ ‘ಎಲ್ಲ ಅಳಿಸಿ ಹೊಸದಾಗಿ ಹಾಕೋಣ’ ಎನ್ನುವವನು ವೇಳೆಯನ್ನು ಉಳಿಸಿದಂತೆ ಕಾಣುತ್ತಾನೆ; ಉಳಿಸಿದ ವೇಳೆಯ ಬೆಲೆಯನ್ನು ಮಾತ್ರ ಬೇರೆ ಯಾರೋ ತೆರುತ್ತಾರೆ.

ಸಂಜೆ ಜಾಲವು ಸ್ಥಿರವಾಯಿತು. ಸರಕು ಎಲ್ಲಿಂದ ತರಬೇಕೆಂಬ ವಿಳಾಸ ಯಂತ್ರದ ಪಟ್ಟಿಯಲ್ಲಿ ಇರಲಿಲ್ಲ. ಹುಡುಗಿ ಡೆಬಿಯನ್ನಿನ ಉಗ್ರಾಣದ ವಿಳಾಸವನ್ನು ಒಂದು ಸಾಲಿನಲ್ಲಿ ಬರೆದಳು. ಬಳಿಕ ‘ಟಾಸ್ಕ್‌ಸೆಲ್’ ಎಂದು ಒತ್ತಿದಳು. ಅನುಸ್ಥಾಪನೆಯಲ್ಲಿ ತಪ್ಪಿಹೋಗಿದ್ದ ಆಯ್ಕೆಯ ಪಟ್ಟಿ ತೆರೆಯಿತು. ಮುದಿ ಯಂತ್ರಕ್ಕೆ ಭಾರವಾಗಬಾರದೆಂದು ಹಗುರವಾದ ಎಕ್ಸ್‌ಎಫ್‌ಸಿಇಯನ್ನು ಆರಿಸಿದಳು. ರಾತ್ರಿ ಊಟದ ಹೊತ್ತಿಗೆ ಯಂತ್ರ ಮತ್ತೆ ಎದ್ದಿತು. ಬಣ್ಣ ಬಂತು, ಚಿತ್ರಗಳು ಬಂದುವು.

ಆದರೆ ಅಡುಗೆಮನೆಯ ಕಡತವನ್ನು ತೆರೆದರೆ ಕನ್ನಡವಿಲ್ಲ! ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಮೇಷ್ಟರು ಬಹುಕಾಲದಿಂದ ಬರೆಯುತ್ತಿದ್ದುದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಆ ಪದ್ಧತಿಯಲ್ಲಿ ಯಂತ್ರದೊಳಗೆ ಕೂರುವುದು ರೋಮನ್ ಅಕ್ಷರಗಳ ಸಂಕೇತಗಳೇ; ಫಾಂಟು ಅವುಗಳ ಮೇಲೆ ಕನ್ನಡದ ಮುಖವನ್ನು ಹೊದಿಸುತ್ತದೆ. 1991ರ ಮೊದಲ ಆವೃತ್ತಿಯಿಂದಲೂ ಯುನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯಿದೆ. ಈ ಕಡತ ಆ ಮನೆಗೆ ಇನ್ನೂ ಬಂದಿರಲಿಲ್ಲ. ಈ ಸಲ ಮೇಷ್ಟರು ಗಾಬರಿಯಾಗಲಿಲ್ಲ.

“ಇದೂ ಮುಖದ ತಾಪತ್ರಯಾನೇ ತಾನೇ?” ಎಂದು ಕೇಳಿದರು.

“ಹೌದು ತಾತ. ಮಾತು ಒಳಗೇ ಇದೆ.”

ಗುಬ್ಬಿ ಎಂಬ ಕನ್ನಡ ಫಾಂಟು ಬಂತು. ಪರಿವರ್ತಕವೊಂದರ ಮೂಲಕ ಹಾಯಿಸಿದ ಪುಟಗಳು ಯುನಿಕೋಡಿಗೆ ತಿರುಗಿದುವು. ಅಲ್ಲಲ್ಲಿ ಒತ್ತಕ್ಷರಗಳು ಸ್ಥಾನಪಲ್ಲಟವಾಗಿದ್ದುವು. ತಾತ ಮೊಮ್ಮಗಳು ಕುಳಿತು ತಿದ್ದಿದರು. ‘ಎಸರು’ ಎಂಬ ಪದ ಮೊದಲಿತ್ತು, ಅದರ ಕೆಳಗೆ ‘ಹಿಟ್ಟಿನ ಕೋಲು’. ಎದುರಿಗೆ ಅಜ್ಜಿ ಕೊಟ್ಟ ವಿವರಣೆ, ಅಜ್ಜಿಯದೇ ವಾಕ್ಯದಲ್ಲಿ. ಮಲಗುವ ಮುನ್ನ ಹುಡುಗಿ ಅದರ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ತೆಗೆದಿಟ್ಟಳು.

ತಮ್ಮ ಮಾತ್ರ ಹೊಸ ಪರದೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿ ತೀರ್ಪು ಕೊಟ್ಟರು:

“ಮೊದಲಿನ ಕರೀ ಪರದೇನೇ ವಾಸಿ ಕಣಮ್ಮಾ. ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತಿತ್ತು.”